ಐದನೇ ಬಕ್ಕಣ

ಮೊದಲ ಹೊಲಿಗಿ ಬಿಚ್ಚಬೇಕು. ಕತ್ರಿ ಆಮೇಲೆ.
ಎರಡೂ ಕಾಲು ಕೂಡೂ ಜಾಗಾದಾಗ
ನಾಕು ಪದರ ಬಟ್ಟಿ, ಮ್ಯಾಲೆ ಜೋಡುಹೊಲಿಗಿ;
ನಿನ್ನೆ ಅಲ್ಲೇ ಮುರದ್ವು ಎರಡು ಸೂಜಿ.
ಜೀನ್ಸ್ ಅಂದ್ರ ಸೆಟಗೊಂಡ ಅಳಿಯ ಇದ್ದಂಗ,
ನೆನಸಬೇಕು, ತಿಕ್ಕಬೇಕು, ಬಿಸಲಿಗೆ ಹಾಕಬೇಕು,
ಆಮೇಲೆ ಮಾತಿಗೆ ಬರ್ತೈತಿ.

ಸಂಕ್ರಾಂತಿ ದಾಟಿತಂದ್ರ ಬ್ಯಾಡಗಿಯೊಳಗ
ಗಾಳಿಗೂ ಕೆಮ್ಮು.
ಕೋಲ್ಡ್ ಸ್ಟೋರೇಜಿನ ಹಿಂದ, ತಗಡಿನ ನೆರಳಾಗ
ಮೆಣಸಿನಕಾಯಿ ತೊಟ್ಟು ಬಿಡಿಸಾಕ ಕುಂತ ಹೆಣ್ಮಕ್ಕಳು,
ಮುಖಕ್ಕ ಸೆರಗು ಸುತ್ಕೊಂಡು, ಕಣ್ಣಷ್ಟ ಬಿಟ್ಟು.
ಅಲ್ಲಿ ಕೈ ಅಂದ್ರ ಕೈಯಲ್ಲ, ಉರಿ.
ರಾತ್ರಿ ಮಜ್ಜಿಗ್ಯಾಗ ಅದ್ದಿಕೊಂಡು ಕುಂದರತಾರ.
ಮೋದಿನಬಿ ಒಂದ ಸಲ ಅಂದಳು:
"ಕೂಸಿನ ಗಲ್ಲ ಮುಟ್ಟಿ ಮೂರು ತಿಂಗಳಾತವ್ವಾ."

ಆ ಮಾತಿಗೇ ಶುರುವಾಗಿದ್ದು ಇದು.
ಮಣಕಾಲ ಕೆಳಗಿನ ಗಟ್ಟಿ ಬಟ್ಟಿ ಆರಿಸಿ
ಹನ್ನೆರಡು ಜೋಡಿ ಕೈಗವಸು ಹೊಲದು ಒಯ್ದೆ.
ಯಾರೂ ಎರಡನೇ ದಿನ ಹಾಕಲಿಲ್ಲ.
ಬೆರಳು ಬಗ್ಗವಲ್ವು, ತೊಟ್ಟು ಸಿಗವಲ್ವು.
ಕಿಲೋಕ್ಕ ಇಷ್ಟಂತ ಎಣಿಸೂ ಕೂಲಿಯೊಳಗ
ಬೆರಳು ನಿಧಾನಾದ್ರ
ಹೊಟ್ಟಿ ನಿಧಾನ ಆಗತೈತೇನು?

ಸೋತು, ಎಲ್ಲಾ ತಂದು ಮೂಲ್ಯಾಗ ಒಗದೆ.
ಗುತ್ತೆವ್ವ ಆ ಚೂರಿನಾಗಿಂದ
ಒಂದು ಹಿಂದಿನ ಬಕ್ಕಣ ಎತ್ತಿ, ಝಾಡಿಸಿ,
ತನ್ನ ಸೊಂಟಕ್ಕ ಹಿಡದು ನೋಡಿದಳು.
"ಇದನ್ನ ಹಚ್ಚಿ ಕೊಡು."
"ಎಲ್ಲಿಗೆ?"
"ಲಂಗಕ್ಕ. ಒಳಗ. ಯಾರಿಗೂ ಕಾಣಬಾರದು."

ಅರವತ್ತು ವರ್ಷದಾಗ ಆಕಿಗೆ ಒಂದೂ ಬಕ್ಕಣ ಇರಲಿಲ್ಲ.
ರೊಕ್ಕ ಅಂದ್ರ ಕುಪ್ಪಸದಾಗ, ಇಲ್ಲಾ ಸೆರಗಿನ ಗಂಟಿನಾಗ,
ಬೆವರಿಗೆ ತೊಯ್ದು ಮೆತ್ತಗಾಗಿ,
ಅಂಗಡಿಯವ ಎರಡ ಬೆರಳಿನಾಗ ಹಿಡದು ತೊಗೊಳ್ಳೂ ನೋಟು.
ಗಂಡು ಹುಟ್ಟಿದ್ರ ಕೂಸಿನ ಚಡ್ಡಿಗೂ ಎರಡು.

ಈಗ ಚಂಚಿ ಹೊಲಿತೇನಿ.
ಅವ್ವನ ಚಂಚಿಯ ಅಳತಿ, ಮೂರು ಮನಿ, ಬಾಯಿಗೆ ಎಳಿಯೂ ದಾರ.
ಅವ್ವಂದು ಇಳಕಲ್ಲ ಸೀರಿ ಚೂರಿಂದು, ಕೆಂಪು ದಡಿ.
ನಂದು ನೀಲಿ,
ಯಾರ್ಯಾರದೋ ಮಣಕಾಲು ಊರಿ ಊರಿ ಸವದ ನೀಲಿ.

ಬಿಚ್ಚುವಾಗ ಸಿಕ್ಕಿದ್ದೆಲ್ಲ ಬಿಸ್ಕೀಟ ಡಬ್ಬ್ಯಾಗ ಹಾಕೇನಿ:
ಮೋಟೆಬೆನ್ನೂರ ಬಸ್ಸಿನ ಟಿಕೀಟು, ನೆಂದು ಒಣಗಿ ಅಂಟಿದ್ದು;
ಸೈಕಲ್ಲಿನ ವಾಲ್ವು;
ಯಾರಿಗೋ ಬರದು ಕೊಡದ ಚೀಟಿ,
ಅಕ್ಷರ ಒಗತಕ್ಕ ಹೋಗಿ
ಮಡಿಕಿ ಅಷ್ಟ ಉಳದೈತಿ.

ಐದನೇದು ಐತಲ್ಲ, ಬಲಕ್ಕ,
ದೊಡ್ಡ ಬಕ್ಕಣದ ಹೊಟ್ಟ್ಯಾಗ ಸಣ್ಣದು,
ಯಾತಕ್ಕಂತ ಹಾಕಿದವರನ್ನ ಕೇಳಿದ್ರೂ ಗೊತ್ತಿಲ್ಲ.
ಅದನ್ನ ನಾನು ಬಿಚ್ಚೂದಿಲ್ಲ,
ಇದ್ದಕ್ಕಿದ್ದಂಗ ಚಂಚಿಯೊಳಗ ಕೂಡಸ್ತೇನಿ.
ಹೊಳಿಯವ್ವ ಅದರಾಗ, ಅಡಾ ಬಿಡಿಸಿಕೊಂಡು ಬಂದ
ಮೂಗುಬೊಟ್ಟು ಇಡತಾಳ.
ಮೋದಿನಬಿ ಕೊಬ್ಬರೆಣ್ಣಿ ಡಬ್ಬಿ; ಸಂಜೀಕ
ಕೂಲಿ ಮುಗಿದ ಕೂಡಲೆ ತಿಕ್ಕಿಕೊಂತ ಕುಂದರತಾಳ
ಬಾಳ ಹೊತ್ತು, ಮನಿಗೆ ಹೋಗೂ ಮೊದಲ.
ಗುತ್ತೆವ್ವ ಏನಿಟ್ಟಾಳ, ಹೇಳವಲ್ಲಳು.

ಮೊನ್ನೆ ಸಂತ್ಯಾಗ ಟೆಂಪೋ ಹೊಡಿಯೂ ವೀರೇಶ
ಉಳ್ಳಾಗಡ್ಡಿ ತೂಗಸೂದು ಬಿಟ್ಟು ನಿಂತ.
ಬ್ಯಾಟರಿ ನೀರು ಸಿಡದು ತೂತು ಬಿದ್ದಲ್ಲೆ
ನಾನು ಹಳದಿ ದಾರದಲೆ ತುಂಬಿದ ಮೂರು ಚುಕ್ಕಿ
ಗುತ್ತೆವ್ವನ ಸೊಂಟದಾಗ ಜೋತಾಡಾಕ ಹತ್ತಿದ್ವು.
ತನ್ನ ತೊಡಿ ಒಮ್ಮೆ ಮುಟ್ಟಿ ನೋಡಿಕೊಂಡ.
"ಏ ಆಯಿ, ಅದು ನನ್ನ ಪ್ಯಾಂಟು!"

ಗುತ್ತೆವ್ವ ದಾರ ಎಳದು ಚಂಚಿ ಬಾಯಿ ಬಿಗದಳು.
"ಪ್ಯಾಂಟು ನಿಂದು ಇದ್ದೀತಪ್ಪ," ಅಂದಳು,
"ಬಕ್ಕಣ ನಂದು."

ಹುಬ್ಬಳ್ಳಿಯಿಂದ ನಾಳೆ ಇನ್ನೊಂದು ಗಂಟು ಬರೂದೈತಿ.
ಹದಿನೆಂಟು ನಂಬರಿನ ಸೂಜಿ ತರಬೇಕು,
ಎಣ್ಣಿ ಬಿಡಬೇಕು ಮಷಿನ್ನಿಗೆ.
ಭಾಳ ಸಪ್ಪಳ ಮಾಡತೈತಿ ಈಗೀಗ.